ಮೆಣಸಿನ ರಾಣಿಗೆ ಯಾವ ಮುಖ?

ಹುಬ್ಬಳ್ಳಿಗೆ ಹೋಗಿ ಬಂದವರಿಗೆಲ್ಲ ಚೆನ್ನಮ್ಮ ಸರ್ಕಲ್ ಗೊತ್ತು. ಕುದುರೆ ಮೇಲೆ ಕೂತು ಖಡ್ಗ ಎತ್ತಿದ ಕಿತ್ತೂರು ರಾಣಿ. ನಮ್ಮ ಸೀಮೆಗೂ ಒಬ್ಬ ರಾಣಿ ಇದ್ದಳಲ್ಲ, ಅವಳೂ ಪೇಟೆ ನಡುವೆ ನಿಲ್ಲಬೇಕು ಅನ್ನುವುದು ನ್ಯಾಯದ ಮಾತೇ. ಆದರೆ ಶಿಲ್ಪಿ ಮುಖ ಎಲ್ಲಿಂದ ತರುತ್ತಾನೆ? ಕಿತ್ತೂರಿನ ಚೆನ್ನಮ್ಮ, ಕೆಳದಿಯ ಚೆನ್ನಮ್ಮಾಜಿ, ಗೇರುಸೊಪ್ಪೆಯ ಚೆನ್ನಭೈರಾದೇವಿ, ಮೂವರನ್ನೂ ಒಂದೇ ಅಚ್ಚಿನಲ್ಲಿ ಎರೆದುಬಿಟ್ಟರೆ ಆಯಿತೇ?

ಚೆನ್ನಭೈರಾದೇವಿ ಸಾಳುವ ಮನೆತನದ ಜೈನ ರಾಣಿ. 1552ರಲ್ಲಿ ಪಟ್ಟಕ್ಕೆ ಬಂದವಳು 1606ರವರೆಗೆ ಆಳಿದಳು. 54 ವರ್ಷ! ಐದು ವರ್ಷದ ಪಂಚಾಯತಿ ಮೆಂಬರಿಕೆಗೇ ಸುಸ್ತಾಗುವ ಈ ಕಾಲದಲ್ಲಿ ಒಮ್ಮೆ ಲೆಕ್ಕ ಹಾಕಿ ನೋಡಿ. ಸಂತೆಗುಳಿ ಕಡೆ ಇವತ್ತಿಗೂ ಅಡಿಕೆ ಮರಕ್ಕೆ ಮೆಣಸಿನ ಬಳ್ಳಿ ಹಬ್ಬಿಸುತ್ತಾರೆ. ಆ ಕಾಳಿನ ಆಸೆಗೇ ಪೋರ್ಚುಗೀಸರು ಈ ಕರಾವಳಿಗೆ ಗಂಟುಬಿದ್ದದ್ದು. ಘಟ್ಟದ ಮೆಣಸು ಇಳಿದು ಹಡಗು ಹತ್ತುವ ಹಾದಿ ಈಕೆಯ ಕೈಯಲ್ಲಿತ್ತು. ಮೆಣಸಿನ ರಾಣಿ ಎಂಬ ಹೆಸರು ಕೊಟ್ಟವರೂ ಆ ಪರಂಗಿಯವರೇ. ಹೆಸರು ಕೊಟ್ಟ ಬಾಯಿಂದಲೇ ಬೆಂಕಿಯನ್ನೂ ಉಗುಳಿದರು. 1565ರಲ್ಲಿ ವಿಜಯನಗರ ಮುರಿದುಬಿದ್ದು ಬೆನ್ನ ಹಿಂದಿನ ಆಸರೆ ಹೋಯಿತು. 1569ರಲ್ಲಿ ಹೊನ್ನಾವರದ ಕೋಟೆ ಪೋರ್ಚುಗೀಸರ ಪಾಲಾಯಿತು. ಆಮೇಲೂ ಮೂವತ್ತೇಳು ವರ್ಷ ಈ ಹೆಂಗಸು ಗದ್ದುಗೆ ಬಿಡಲಿಲ್ಲ.

ಕಡೆಗೆ ಕೆಡವಿದ್ದು ಸಮುದ್ರದ ಕಡೆಯವರಲ್ಲ, ಘಟ್ಟದ ಮೇಲಿನವರು. ಕೆಳದಿಯ ವೆಂಕಟಪ್ಪ ನಾಯಕ ರಾಜ್ಯ ಕಿತ್ತುಕೊಂಡ. ರಾಣಿ ಸೆರೆಯಲ್ಲೇ ತೀರಿಕೊಂಡಳೆಂದು ಪ್ರತೀತಿ.

ಹದಿನೇಳು ವರ್ಷದ ನಂತರ, 1623ರಲ್ಲಿ, ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲೆ ಗೇರುಸೊಪ್ಪೆಗೆ ಬಂದ. ಪಟ್ಟಣ ಆಗಲೇ ಹಾಳು ಬಿದ್ದಿತ್ತು. ಯಾರೋ ಪರದೇಶದ ಕೀಳು ಮನುಷ್ಯನಿಗೆ ಮನಸ್ಸು ಕೊಟ್ಟು ರಾಣಿ ರಾಜ್ಯ ಕಳೆದುಕೊಂಡಳು ಅಂತ ಕೇಳಿದ್ದನ್ನು ಬರೆದಿಟ್ಟ. ಅವನು ಹೊರಟಿದ್ದದ್ದು ಎಲ್ಲಿಗೆ? ಅದೇ ವೆಂಕಟಪ್ಪ ನಾಯಕನ ಇಕ್ಕೇರಿಗೆ, ರಾಯಭಾರಿಗಳ ಜತೆಯಲ್ಲಿ! ಗೆದ್ದವರ ದಾರಿಯಲ್ಲಿ ಸೋತವಳ ಕಥೆ ಹೇಗಿರುತ್ತದೆ ಅಂತ ಅಂಗಡಿಯಲ್ಲಿ ಕೂತು ನಾಲ್ಕು ಜನರ ಮಾತು ಕೇಳುವವರಿಗೆ ಬಿಡಿಸಿ ಹೇಳಬೇಕಿಲ್ಲ. ಮೂರ್ತಿ ಇಲ್ಲದವರಿಗೆ ಇಂಥ ಗಾಳಿಮಾತೇ ಮುಖವಾಗಿಬಿಡುತ್ತದೆ.

ಕಲ್ಲಿನ ಸಾಕ್ಷಿ ಬೇರೆಯೇ ಇದೆ. ಮಿರ್ಜಾನಿನಲ್ಲಿ ಹೆದ್ದಾರಿಗೆ ಹತ್ತಿರದಲ್ಲೇ ಚಿರೆಕಲ್ಲಿನ ಕೋಟೆ. ಅದನ್ನೂ ಜನ ಈಕೆಯ ಹೆಸರಲ್ಲೇ ಕರೆಯುತ್ತಾರೆ. ಗೇರುಸೊಪ್ಪೆಯಲ್ಲಿ ಶರಾವತಿ ದಾಟಿದರೆ ಕಾಡಿನ ನಡುವೆ ಚತುರ್ಮುಖ ಬಸದಿ. ನಾಲ್ಕು ದಿಕ್ಕಿಗೆ ನಾಲ್ಕು ಬಾಗಿಲು, ಒಳಗೆ ಬೆನ್ನಿಗೆ ಬೆನ್ನು ಕೊಟ್ಟು ಕೂತ ನಾಲ್ಕು ಜಿನಮೂರ್ತಿಗಳು. ಯಾವ ಕಡೆಯಿಂದ ಬಂದವನಿಗೂ ಎದುರು ಒಂದು ಮುಖ ಉಂಟು. ನಾಲ್ಕು ರಸ್ತೆ ಕೂಡುವ ಸರ್ಕಲ್ಲಿಗೆ ಇದಕ್ಕಿಂತ ಒಳ್ಳೆಯ ನಕ್ಷೆ ಯಾವ ಇಂಜಿನಿಯರ್ ಕೊಟ್ಟಾನು?

ಶ್ರೀಗಂಧದಲ್ಲಿ ಕೂದಲೆಳೆ ಕೊರೆಯುವ ಗುಡಿಗಾರರು ಕುಮಟೆ, ಹೊನ್ನಾವರ, ಸಾಗರದ ಸೀಮೆಯವರೇ. ಪ್ರತಿಮೆ ಮಾಡಿಸುವ ಉತ್ಸಾಹಿಗಳು ಹೊರಗಿನ ಅಚ್ಚಿನ ಗೊಂಬೆಗೆ ಆರ್ಡರ್ ಕೊಡುವ ಮೊದಲು ಇವರನ್ನೊಮ್ಮೆ ಆ ಬಸದಿಗೆ ಕರೆದೊಯ್ಯಲಿ. ಕುದುರೆ ಬೇಡ. ವಯಸ್ಸಾದ ಹೆಂಗಸಾಗಿರಲಿ, ಕೈಯಲ್ಲೊಂದು ಮೆಣಸಿನ ಗೊಂಚಲಿರಲಿ.