ಎರೆಹುಳುಗಳನ್ನು ಅರಿತ ಚಾರ್ಲ್ಸ್ ಡಾರ್ವಿನ್

ಜೀವವಿಕಾಸ ಸಿದ್ಧಾಂತದಿಂದ ಜಗತ್ಪ್ರಸಿದ್ಧರಾದ ಚಾರ್ಲ್ಸ್ ಡಾರ್ವಿನ್ ಅವರ ಕೊನೆಯ ಗ್ರಂಥವು ಎರೆಹುಳುಗಳನ್ನು ಕುರಿತದ್ದೆಂಬುದು ಅನೇಕ ಕೃಷಿಕರಿಗೆ ತಿಳಿದಿರಲಾರದು. ಬೆನ್ನೆಲುಬಿಲ್ಲದ ಈ ಕಿರುಜೀವಿಯ ವಿಷಯವು ನಾಲ್ಕು ದಶಕಗಳಿಗೂ ಹೆಚ್ಚು ಕಾಲ ಅವರ ಮನಸ್ಸಿನಲ್ಲಿ ಉಳಿದಿತ್ತು.

ಡಾರ್ವಿನ್ ಅವರು 1809ರ ಫೆಬ್ರವರಿ 12ರಂದು ಇಂಗ್ಲೆಂಡಿನ ಶ್ರೂಸ್‌ಬರಿಯಲ್ಲಿ ಜನಿಸಿದರು. 'ಬೀಗಲ್' ಹಡಗಿನಲ್ಲಿ ಸುಮಾರು ಐದು ವರ್ಷ ಸಂಚರಿಸಿ 1836ರಲ್ಲಿ ಸ್ವದೇಶಕ್ಕೆ ಮರಳಿದರು. ಅನಂತರ ಸೋದರಮಾವನವರ ಊರಾದ ಮೇರ್‌ಗೆ ಹೋದಾಗ ಒಂದು ವಿಚಿತ್ರವನ್ನು ಕಂಡರು. ಕೆಲವು ವರ್ಷಗಳ ಹಿಂದೆ ಹುಲ್ಲುಗಾವಲಿನ ಮೇಲೆ ಹರಡಿದ್ದ ಸುಣ್ಣ ಮತ್ತು ಇದ್ದಿಲಿನ ಚೂರುಗಳು ಮಣ್ಣಿನಡಿ ಹಲವು ಅಂಗುಲ ಆಳದಲ್ಲಿ ಪದರವಾಗಿ ದೊರೆತವು. ಇದು ಎರೆಹುಳುಗಳ ಕೆಲಸವಿರಬೇಕೆಂದು ಮಾವನವರು ಸೂಚಿಸಿದರು. ಹುಳುಗಳು ಕೆಳಗಿನ ಮಣ್ಣನ್ನು ನುಂಗಿ ಮೇಲೆ ಹಿಕ್ಕೆಯಾಗಿ ಹಾಕುವುದರಿಂದ ಹಳೆಯ ಮೇಲ್ಮೈಯು ಕ್ರಮೇಣ ಮುಚ್ಚಿಹೋಗುತ್ತದೆ ಎಂಬ ವಿವರಣೆಯನ್ನು ಡಾರ್ವಿನ್ 1837ರಲ್ಲಿ ಲಂಡನ್ನಿನ ಭೂವಿಜ್ಞಾನ ಸಂಘದ ಮುಂದಿಟ್ಟರು.

ಎಲ್ಲರೂ ಇದನ್ನು ಒಪ್ಪಲಿಲ್ಲ. ಇಷ್ಟು ಸಣ್ಣ, ಇಷ್ಟು ದುರ್ಬಲ ಜೀವಿಯಿಂದ ಅಷ್ಟು ದೊಡ್ಡ ಕಾರ್ಯ ಅಸಾಧ್ಯವೆಂಬ ಟೀಕೆ 1869ರಲ್ಲಿಯೂ ಕೇಳಿಬಂತು. ವಾದಕ್ಕಿಂತ ಅಳತೆಯನ್ನೇ ನಂಬಿದ್ದ ಡಾರ್ವಿನ್ ಅವರು ಡೌನ್ ಗ್ರಾಮದಲ್ಲಿ ನೆಲೆಸಿದ 1842ರಲ್ಲಿಯೇ ಮನೆಯ ಬಳಿಯ ಹೊಲವೊಂದರಲ್ಲಿ ಬಿಳಿ ಸುಣ್ಣಕಲ್ಲಿನ ಚೂರುಗಳನ್ನು ಹರಡಿಸಿದ್ದರು. 29 ವರ್ಷಗಳ ನಂತರ, 1871ರಲ್ಲಿ, ಅಲ್ಲಿ ಕಾಲುವೆ ತೋಡಿಸಿದಾಗ ಆ ಬಿಳಿಯ ಸಾಲು 7 ಅಂಗುಲ ಆಳದಲ್ಲಿತ್ತು.

ಅನಾರೋಗ್ಯದಿಂದ ಬಳಲುತ್ತಿದ್ದ ಡಾರ್ವಿನ್ ಅವರು ಮಣ್ಣು ತುಂಬಿದ ಕುಂಡಗಳಲ್ಲಿ ಹುಳುಗಳನ್ನು ಮನೆಯೊಳಗೇ ಸಾಕಿದರು. ಪಿಯಾನೋ ನುಡಿಸಿದರೂ ಹುಳುಗಳು ಕದಲಲಿಲ್ಲ. ಕುಂಡವನ್ನು ಪಿಯಾನೋದ ಮೇಲೆಯೇ ಇಟ್ಟು ನುಡಿಸಿದಾಗ ಬಿಲಕ್ಕೆ ಸರಿದವು. ಅವುಗಳಿಗೆ ಕಿವಿಯಿಲ್ಲ, ಆದರೆ ಕಂಪನವನ್ನು ಅರಿಯುತ್ತವೆ ಎಂದು ಇದರಿಂದ ತಿಳಿಯಿತು. ಕಣ್ಣಿಲ್ಲದಿದ್ದರೂ ಅವು ಬೆಳಕನ್ನು ಗುರುತಿಸುತ್ತಿದ್ದವು. ಕಾಗದದ ತ್ರಿಕೋನಗಳನ್ನು ಕೊಟ್ಟಾಗ ಹೆಚ್ಚಿನವನ್ನು ಚೂಪಾದ ತುದಿಯಿಂದಲೇ ಬಿಲದೊಳಗೆ ಎಳೆದುಕೊಂಡವು.

ಎರೆಹುಳು ತೇವವಾದ ಚರ್ಮದ ಮೂಲಕ ಉಸಿರಾಡುತ್ತದೆ. ಚರ್ಮ ಒಣಗಿದರೆ ಸಾಯುತ್ತದೆ. ಹಲ್ಲಿಲ್ಲದ ಈ ಜೀವಿಯು ಸ್ನಾಯುಯುಕ್ತ ಅರೆಚೀಲದಲ್ಲಿ ಮರಳಿನ ಕಣಗಳ ನೆರವಿನಿಂದ ಆಹಾರವನ್ನು ಅರೆಯುತ್ತದೆ. ಒಂದೇ ದೇಹದಲ್ಲಿ ಗಂಡು-ಹೆಣ್ಣು ಅಂಗಗಳೆರಡೂ ಇದ್ದರೂ ಸಾಮಾನ್ಯವಾಗಿ ಎರಡು ಹುಳುಗಳು ಕೂಡಿಯೇ ಸಂತಾನೋತ್ಪತ್ತಿ ನಡೆಸುತ್ತವೆ.

1881ರಲ್ಲಿ ಪ್ರಕಟವಾದ ಗ್ರಂಥದಲ್ಲಿ, ಇಂಗ್ಲೆಂಡಿನ ಅನೇಕ ಭಾಗಗಳಲ್ಲಿ ಎಕರೆಗೆ ವರ್ಷಕ್ಕೆ 10 ಟನ್ನಿಗೂ ಹೆಚ್ಚು ಮಣ್ಣು ಹುಳುಗಳ ದೇಹದ ಮೂಲಕ ಹಾದು ಮೇಲೆ ಬರುತ್ತದೆಂದು ಡಾರ್ವಿನ್ ಅಂದಾಜಿಸಿದರು. ನೇಗಿಲು ಹುಟ್ಟುವ ಬಹು ಮೊದಲೇ ಭೂಮಿಯನ್ನು ಉತ್ತವರು ಇವರೇ ಎಂಬುದು ಆ ಗ್ರಂಥದ ಸಾರ. ಸಾವಿರಾರು ಪ್ರತಿಗಳು ಬೇಗನೆ ಮಾರಾಟವಾದವು. ಮರುವರ್ಷ ಏಪ್ರಿಲ್ 19ರಂದು ಡಾರ್ವಿನ್ ನಿಧನರಾದರು. ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಅಬೆಯಲ್ಲಿ ಅವರ ಸಮಾಧಿಯಿದೆ.

ನಮ್ಮ ಹವಾಗುಣ ಮತ್ತು ಹುಳುಗಳ ಪ್ರಭೇದಗಳು ಬೇರೆಯಾದ್ದರಿಂದ ಆ ಅಂಕಿಯನ್ನು ನಮ್ಮ ಜಮೀನಿಗೆ ಹಾಗೆಯೇ ಅನ್ವಯಿಸಲಾಗದು. ಆದರೆ ಸಣ್ಣ ಕೆಲಸವೂ ಎಡೆಬಿಡದೆ ನಡೆದರೆ ನೆಲವನ್ನೇ ಬದಲಿಸುತ್ತದೆ ಎಂಬ ಪಾಠ ಇಲ್ಲಿಯೂ ಸಲ್ಲುತ್ತದೆ. ರೈತ ಬಾಂಧವರು ಬೆಳೆಯ ಉಳಿಕೆಗಳನ್ನು ಸುಡದೆ ಹೊದಿಕೆಯಾಗಿ ಬಳಸಿ, ಕೊಟ್ಟಿಗೆ ಗೊಬ್ಬರ ನೀಡಿ, ತೇವಾಂಶವನ್ನು ಕಾಪಾಡಿ, ಅನಗತ್ಯ ಉಳುಮೆಯನ್ನು ತಗ್ಗಿಸಿದರೆ ಈ ಜೀವಿಗಳು ಜಮೀನಿನಲ್ಲಿ ಉಳಿಯುತ್ತವೆ. ಮಳೆಗಾಲದ ಬೆಳಗಿನಲ್ಲಿ ಬದುವಿನ ಮೇಲೆ ಹುಳುಗಳ ಹಿಕ್ಕೆ ಕಾಣುತ್ತಿದೆಯೇ ಎಂದು ಒಮ್ಮೆ ನೋಡಿರಿ.