ಬಣ್ಣದಲ್ಲೇ ಗಾಜು ಮೂಡಿಸಿದಾತ

ಅಂಗೈಯಲ್ಲಿ ಹಿಡಿಸುವಂಥ ಪ್ಲಾಸ್ಟಿಕ್ ಬಾಹ್ಯಾಕಾಶ ನೌಕೆಗಳನ್ನು ಜೋಡಿಸಿ ಬಣ್ಣ ಬಳಿಯುವ ಹವ್ಯಾಸ ಹಲವರಿಗಿದೆ. ಅದರಲ್ಲಿ ಕೈ ನಡುಗಿಸುವ ಕೆಲಸವೆಂದರೆ ಪೈಲಟ್ ಕೂರುವ ಕಾಕ್‌ಪಿಟ್‌ನ ಗಾಜು. ಎಷ್ಟೋ ಮಾದರಿಗಳಲ್ಲಿ ಅಲ್ಲಿ ಗಾಜೇ ಇರುವುದಿಲ್ಲ, ಇರುವುದು ಗಟ್ಟಿ ಪ್ಲಾಸ್ಟಿಕ್ಕಿನ ಒಂದು ಉಬ್ಬು. ಅದಕ್ಕೆ ಬರೀ ನೀಲಿ ಬಳಿದರೆ ಅದು ನೀಲಿ ಉಬ್ಬಾಗಿಯೇ ಉಳಿಯುತ್ತದೆ. ಬಲ್ಲವರು ಒಂದು ಮೂಲೆಗೆ ಕಡುನೀಲಿ ಹಚ್ಚಿ, ಎದುರು ಮೂಲೆಯತ್ತ ಹೋದಂತೆ ಬಣ್ಣವನ್ನು ಹಂತ ಹಂತವಾಗಿ ತಿಳಿಯಾಗಿಸುತ್ತಾರೆ. ಕಡುನೀಲಿ ಇರುವ ಕಡೆ ಬಿಳಿಯ ಒಂದು ಪುಟ್ಟ ಚುಕ್ಕೆ ಇಡುತ್ತಾರೆ. ಮೇಲೆ ಹೊಳಪಿನ ವಾರ್ನಿಷ್. ಅಷ್ಟೇ, ಒಳಗೆ ಯಾರೋ ಕೂತಿದ್ದಾರೆ ಎನ್ನಿಸುವಂಥ ಗಾಜು ಸಿದ್ಧ!

ಹೊಳೆಯದ ವಸ್ತುವನ್ನು ಬರೀ ಬಣ್ಣದಿಂದ ಹೊಳೆಸುವ ಈ ಜಾಣ್ಮೆಯನ್ನು ಸುಮಾರು 600 ವರ್ಷಗಳ ಹಿಂದೆಯೇ ಬೆರಗಾಗುವಷ್ಟು ಎತ್ತರಕ್ಕೆ ಒಯ್ದವನು ಯಾನ್ ವ್ಯಾನ್ ಐಕ್. ಆತನ ಕಾಲದಲ್ಲಿ ನೌಕೆಗಳಿರಲಿಲ್ಲ. ಆತ ಬರೆದದ್ದು ರತ್ನ, ಮುತ್ತು, ಕನ್ನಡಿ, ಉಕ್ಕಿನ ಕವಚಗಳನ್ನು.

ಯಾನ್ ಹುಟ್ಟಿದ್ದು 1390ರ ಆಸುಪಾಸಿನಲ್ಲಿ, ಬಹುಶಃ ಇಂದಿನ ಬೆಲ್ಜಿಯಂನ ಮಾಸೈಕ್ ಊರಿನಲ್ಲಿ. 1422ರ ಹೊತ್ತಿಗೆ ಹೇಗ್ ನಗರದಲ್ಲಿ ಹಾಲೆಂಡಿನ ದೊರೆಯ ಬಳಿ ಕೆಲಸಕ್ಕಿದ್ದ. 1425ರಲ್ಲಿ ಆ ದೊರೆ ತೀರಿಕೊಂಡ. ಆಶ್ರಯ ತಪ್ಪಿದ ಕಲಾವಿದನನ್ನು ಅದೇ ವರ್ಷ ಬರ್ಗಂಡಿಯ ಡ್ಯೂಕ್ ಫಿಲಿಪ್ ತನ್ನ ಆಸ್ಥಾನಕ್ಕೆ ಕರೆಸಿಕೊಂಡ. ಚಿತ್ರ ಬರೆಯುವುದಷ್ಟೇ ಅಲ್ಲ, ಡ್ಯೂಕ್‌ನ ಪರವಾಗಿ ಗುಟ್ಟಿನ ಪ್ರಯಾಣಗಳನ್ನೂ ಯಾನ್ ಮಾಡಬೇಕಿತ್ತು. 1428ರಲ್ಲಿ ಪೋರ್ಚುಗಲ್‌ಗೆ ಹೆಣ್ಣು ಕೇಳಲು ಹೋದ ತಂಡದಲ್ಲಿ ಆತನೂ ಇದ್ದ. ರಾಜಕುಮಾರಿ ಇಸಬೆಲ್ಲಾಳ ಚಿತ್ರ ಬರೆದು ಕಳಿಸುವುದು ಆತನ ಪಾಲಿನ ಕೆಲಸ. ಮದುವೆ ನಡೆಯಿತು, ಆದರೆ ಆ ಚಿತ್ರ ಇಂದು ಉಳಿದಿಲ್ಲ.

ಆಗ ಹೆಚ್ಚಿನ ಕಲಾವಿದರು ಬಣ್ಣದ ಪುಡಿಯನ್ನು ಮೊಟ್ಟೆಯ ಹಳದಿಯಲ್ಲಿ ಕಲಸುತ್ತಿದ್ದರು. ಅದು ಬಹುಬೇಗ ಒಣಗುವುದರಿಂದ ಒಂದು ಛಾಯೆ ಇನ್ನೊಂದರಲ್ಲಿ ಕರಗುವಂತೆ ಮಾಡುವುದು ಕಷ್ಟ. ಎಣ್ಣೆಯಲ್ಲಿ ಕಲಸಿದ ಬಣ್ಣ ನಿಧಾನವಾಗಿ ಒಣಗುತ್ತದೆ. ಎಣ್ಣೆಬಣ್ಣವನ್ನು ಯಾನ್ ಕಂಡುಹಿಡಿದ ಎಂಬ ಮಾತು ಬಹುಕಾಲ ಪ್ರಚಾರದಲ್ಲಿತ್ತು. ಅದು ನಿಜವಲ್ಲ, ಎಣ್ಣೆಬಣ್ಣ ಮೊದಲೇ ಇತ್ತು. ಆತ ಮಾಡಿದ್ದು ಅದನ್ನು ಪಳಗಿಸುವ ಕೆಲಸ. ಓಕ್ ಹಲಗೆಗೆ ಸುಣ್ಣದಂಥ ಬಿಳಿ ಲೇಪ ಕೊಟ್ಟು, ಅದರ ಮೇಲೆ ತೆಳ್ಳಗಿನ, ಪಾರದರ್ಶಕ ಬಣ್ಣದ ಪದರಗಳನ್ನು ಒಂದರ ಮೇಲೊಂದು ಹಚ್ಚುತ್ತಿದ್ದ. ಬೆಳಕು ಆ ಪದರಗಳೊಳಗೆ ಇಳಿದು, ತಳದ ಬಿಳುಪಿಗೆ ತಾಗಿ ವಾಪಸ್ ಬರುತ್ತದೆ. ಆತನ ಕೆಂಪು ಹರಳಿಗೆ ಆಳ ಇರುವುದು ಹೀಗೆ.

ಗೆಂಟ್ ನಗರದ ಚರ್ಚಿಗಾಗಿ ಅಣ್ಣ ಹ್ಯೂಬರ್ಟ್ ಶುರು ಮಾಡಿದ್ದ ದೊಡ್ಡ ಚಿತ್ರಪೀಠವೊಂದು ಆತ 1426ರಲ್ಲಿ ತೀರಿಕೊಂಡಾಗ ಅರ್ಧಕ್ಕೇ ನಿಂತಿತ್ತು. ಯಾನ್ ಅದನ್ನು 1432ರಲ್ಲಿ ಮುಗಿಸಿದ. ಅದನ್ನು ಇಡಬೇಕಿದ್ದ ಕೋಣೆಗೆ ಬೆಳಕು ಬಲಗಡೆಯ ಕಿಟಕಿಯಿಂದ ಬರುತ್ತಿತ್ತು. ಹಾಗಾಗಿ ಚಿತ್ರದೊಳಗಿನ ಬೆಳಕೂ ಬಲದಿಂದಲೇ ಬರುವಂತೆ ಬರೆದ. ಹಾಡುತ್ತಿರುವ ದೇವದೂತನ ಎದೆಯ ಮೇಲಿನ ಹರಳಿನಲ್ಲಿ ಪುಟ್ಟದೊಂದು ಕಿಟಕಿಯೇ ಮಿನುಗುತ್ತದೆ. ಇಂದು ಕಾಕ್‌ಪಿಟ್‌ನ ಗಾಜು ಬರೆಯುವವರು ಮೊದಲು ಕಲಿಯುವ ಪಾಠವೂ ಇದೇ: ಬೆಳಕು ಎಲ್ಲಿಂದ ಬರುತ್ತದೆಂದು ಮೊದಲು ತೀರ್ಮಾನಿಸು, ಆಮೇಲೆ ಕುಂಚ ಎತ್ತು.

1434ರಲ್ಲಿ ಬರೆದ ಅರ್ನೊಲ್ಫಿನಿ ದಂಪತಿಯ ಚಿತ್ರ ಈಗ ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿದೆ. ಎತ್ತರ ಸುಮಾರು 82 ಸೆಂ.ಮೀ., ಅಗಲ 60 ಸೆಂ.ಮೀ. ಹಿಂಬದಿಯ ಗೋಡೆಯಲ್ಲಿ ಉಬ್ಬುಗನ್ನಡಿಯೊಂದು ತೂಗುತ್ತಿದೆ. ಅದರಲ್ಲಿ ದಂಪತಿಯ ಬೆನ್ನು, ಬಾಗಿದ ಕಿಟಕಿ, ಬಾಗಿಲಲ್ಲಿ ನಿಂತ ಇಬ್ಬರು ಎಲ್ಲವೂ ಕಾಣುತ್ತವೆ. ಕನ್ನಡಿಯ ಚೌಕಟ್ಟಿನ ಸುತ್ತ ಕ್ರಿಸ್ತನ ಕಥೆಯ ಹತ್ತು ಪುಟಾಣಿ ಚಿತ್ರಗಳಿವೆ. ಕನ್ನಡಿಗೆಂದೇ ಒಂದು ಬಣ್ಣವನ್ನು ಆತ ಬಳಸಲಿಲ್ಲ. ಕನ್ನಡಿಯ ಮೇಲೆ ಬಿದ್ದದ್ದನ್ನು ಮಾತ್ರ ಬರೆದ.

ಇಂಥ ಕೆಲಸಕ್ಕೆ ಬೆಲೆ ಕಟ್ಟುವವರು ಯಾರು? 1435ರ ಸುಮಾರಿಗೆ ಡ್ಯೂಕ್ ಯಾನ್‌ನ ಸಂಬಳವನ್ನು ಹಲವು ಪಟ್ಟು ಏರಿಸಿದಾಗ ಲೆಕ್ಕಪತ್ರದ ಅಧಿಕಾರಿಗಳು ಹಣ ಬಿಡುಗಡೆಗೆ ಹಿಂದೇಟು ಹಾಕಿದರು. ಡ್ಯೂಕ್ ಸಿಟ್ಟಿನಿಂದಲೇ ಪತ್ರ ಬರೆಸಿದ. ಈತ ಬಿಟ್ಟುಹೋದರೆ ಇಷ್ಟು ನುರಿತವನು ಮತ್ತೆ ಸಿಗಲಾರ, ತಡಮಾಡದೆ ಹಣ ಕೊಡಿ ಎಂಬುದು ಅದರ ಸಾರಾಂಶ. ಯಾನ್‌ನ ಮಗುವಿನ ನಾಮಕರಣಕ್ಕೆ ಆರು ಬೆಳ್ಳಿ ಬಟ್ಟಲುಗಳನ್ನೂ ಆತ ಉಡುಗೊರೆ ಕೊಟ್ಟಿದ್ದ.

ಇಷ್ಟಾದರೂ ಯಾನ್ ತನ್ನ ಕೆಲವು ಚಿತ್ರಗಳ ಚೌಕಟ್ಟಿನಲ್ಲಿ ಬರೆದುಕೊಂಡದ್ದು ತನ್ನ ಕೈಲಾದಷ್ಟು ಮಾಡಿದ್ದೇನೆ ಎಂಬರ್ಥದ ಪುಟ್ಟ ಮಾತನ್ನು ಮಾತ್ರ. 1441ರಲ್ಲಿ ಬ್ರೂಜ್ ನಗರದಲ್ಲಿ ಆತ ತೀರಿಕೊಂಡ. ಬಳಿಕ ಡ್ಯೂಕ್ ಆತನ ಹೆಂಡತಿ ಮಾರ್ಗರೆಟ್‌ಗೆ ಹಣದ ನೆರವು ನೀಡಿದ. ಉಳಿದಿರುವ ಆತನ ಚಿತ್ರಗಳು ಸುಮಾರು ಇಪ್ಪತ್ತು ಮಾತ್ರ.

ಓದು ಮುಗಿಸಿ ಕೆಲಸ ಹುಡುಕುವ ನಮಗೆ ಬೇಗ ಮುಗಿಸುವವನೇ ಜಾಣ ಎಂಬ ಮಾತು ದಿನವೂ ಕಿವಿಗೆ ಬೀಳುತ್ತದೆ. ಯಾನ್‌ನನ್ನು ಬಿಟ್ಟುಕೊಡಲು ಡ್ಯೂಕ್ ಒಪ್ಪದಿದ್ದುದು ಆತನ ವೇಗಕ್ಕಾಗಿ ಅಲ್ಲ. ಬೇರೆಯವರು ಕಣ್ಣು ಹಾಯಿಸಿ ಮುಂದೆ ಹೋಗುವ ಕಡೆ ಆತ ನಿಂತು ನೋಡುತ್ತಿದ್ದ. ನಿಮಗೂ ನೋಡಬೇಕೆನಿಸಿದರೆ ಒಂದು ಸ್ಟೀಲ್ ಲೋಟವನ್ನು ಕಿಟಕಿಯ ಬಳಿ ಇಡಿ. ಅದರ ಮೇಲೆ ಎಷ್ಟು ಬಣ್ಣಗಳಿವೆ ಎಂದು ಎಣಿಸಲು ಶುರು ಮಾಡಿ. ಸ್ಟೀಲಿನ ಬಣ್ಣ ಯಾವುದೆಂದು ಆಮೇಲೆ ಹೇಳಿ ನೋಡೋಣ.