ಡಾ. ಕೋಟ ಶಿವರಾಮ ಕಾರಂತ (1902–1997): ಜೀವನ ಮತ್ತು ಪರಿಸರ ಪ್ರಜ್ಞೆ

ಪೀಠಿಕೆ

ಕನ್ನಡ ನಾಡಿನಲ್ಲಿ ಡಾ. ಶಿವರಾಮ ಕಾರಂತರ ಹೆಸರನ್ನು ಕೇಳದವರು ವಿರಳ. ಕಾದಂಬರಿಕಾರರಾಗಿ, ಯಕ್ಷಗಾನದ ಸಂಶೋಧಕರಾಗಿ, ಮಕ್ಕಳಿಗಾಗಿ ವಿಜ್ಞಾನವನ್ನು ಬರೆದವರಾಗಿ ಅವರು ಎಲ್ಲರಿಗೂ ಪರಿಚಿತರು. ಆದರೆ ಎಂಬತ್ತು ವರ್ಷ ದಾಟಿದ ನಂತರ ಅವರು ನಾಡಿನ ಕಾಡು, ನದಿ ಮತ್ತು ಗೋಮಾಳಗಳ ಪರವಾಗಿ ಸರ್ವೋಚ್ಚ ನ್ಯಾಯಾಲಯದ ಮೆಟ್ಟಿಲೇರಿದರು, ಲೋಕಸಭಾ ಚುನಾವಣೆಗೂ ನಿಂತರು ಎಂಬ ಸಂಗತಿಯು ಇಂದಿನ ಪೀಳಿಗೆಗೆ ಅಷ್ಟಾಗಿ ತಿಳಿದಿಲ್ಲ.

ಪರಿಸರದ ಬಗೆಗಿನ ಕಾಳಜಿಯು ಯಾರಲ್ಲಿಯೂ ಒಮ್ಮೆಗೇ ಮೂಡುವುದಿಲ್ಲ. ಕಾರಂತರಲ್ಲಿ ಅದು ಸುಮಾರು ಆರು ದಶಕಗಳ ಕಾಲ ಹಂತ ಹಂತವಾಗಿ ಬೆಳೆಯಿತು. ಮೊದಲು ನೋಡುವುದು, ನಂತರ ತಿಳಿಯುವುದು, ಅನಂತರ ಇತರರಿಗೆ ತಿಳಿಸುವುದು, ಕೊನೆಗೆ ಅದರ ರಕ್ಷಣೆಗಾಗಿ ಮುಂದೆ ನಿಲ್ಲುವುದು ಎಂದು ಈ ಹಂತಗಳನ್ನು ಗುರುತಿಸಬಹುದು. ರಾಜಾಜಿನಗರ, ವಿಜಯನಗರ, ಬಸವೇಶ್ವರನಗರ, ಕೆಂಗೇರಿ ಮುಂತಾದ ಪಶ್ಚಿಮ ಬೆಂಗಳೂರಿನ ಬಡಾವಣೆಗಳಲ್ಲಿ ಕರಾವಳಿ ಮತ್ತು ಮಲೆನಾಡಿನಿಂದ ಬಂದು ನೆಲೆಸಿರುವ ಕುಟುಂಬಗಳು ಅನೇಕ. ಈ ಭಾಗದ ನಾಗರಿಕರ, ವಿಶೇಷವಾಗಿ ವಿದ್ಯಾರ್ಥಿಗಳ, ಮಾಹಿತಿಗಾಗಿ ಕಾರಂತರ ಜೀವನದ ಈ ಮುಖವನ್ನು ಇಲ್ಲಿ ಸಂಗ್ರಹವಾಗಿ ನೀಡಲಾಗಿದೆ.

ಜನನ ಮತ್ತು ಆರಂಭಿಕ ಜೀವನ

ಶಿವರಾಮ ಕಾರಂತರು 1902ರ ಅಕ್ಟೋಬರ್ 10ರಂದು ಕೋಟ ಗ್ರಾಮದಲ್ಲಿ ಜನಿಸಿದರು. ತಂದೆ ಶೇಷ ಕಾರಂತರು, ತಾಯಿ ಲಕ್ಷ್ಮಮ್ಮನವರು. ಅಂದು ಮದರಾಸು ಪ್ರಾಂತ್ಯದ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದ ಕೋಟವು ಇಂದು ಉಡುಪಿ ಜಿಲ್ಲೆಯಲ್ಲಿದೆ. ಒಂದು ಕಡೆ ಅರಬ್ಬೀ ಸಮುದ್ರ, ನಡುವೆ ಹಿನ್ನೀರು, ತೆಂಗಿನ ತೋಟ ಮತ್ತು ಭತ್ತದ ಗದ್ದೆ, ಪೂರ್ವದಲ್ಲಿ ಪಶ್ಚಿಮ ಘಟ್ಟದ ಸಾಲು: ಇದು ಅವರ ಬಾಲ್ಯದ ಪರಿಸರ. ಮಳೆಗಾಲದ ನಾಲ್ಕು ತಿಂಗಳು ಕರಾವಳಿಯ ಜನರ ಇಡೀ ವರ್ಷದ ಬದುಕನ್ನು ನಿರ್ಧರಿಸುವ ರೀತಿಯನ್ನು ಅವರು ಎಳವೆಯಿಂದಲೇ ಕಂಡಿದ್ದರು.

ಗಾಂಧೀಜಿಯವರ ಅಸಹಕಾರ ಚಳವಳಿಯ ಕರೆಗೆ ಓಗೊಟ್ಟು ಕಾರಂತರು ಮಂಗಳೂರಿನ ಕಾಲೇಜು ವ್ಯಾಸಂಗವನ್ನು ಅರ್ಧಕ್ಕೇ ನಿಲ್ಲಿಸಿದರು. ಖಾದಿ ಹಾಗೂ ಸ್ವದೇಶಿ ಪ್ರಚಾರಕ್ಕಾಗಿ ಹಳ್ಳಿಯಿಂದ ಹಳ್ಳಿಗೆ ಸಂಚರಿಸಿದರು. ಪದವಿಯಿಲ್ಲದ ಈ ತರುಣನಿಗೆ ಆ ತಿರುಗಾಟವೇ ವಿಶ್ವವಿದ್ಯಾನಿಲಯವಾಯಿತೆಂದರೆ ತಪ್ಪಾಗಲಾರದು.

ಬಾಲವನ: ನಿಸರ್ಗವೇ ಪಾಠಶಾಲೆ

ಕಾರಂತರು ಪುತ್ತೂರಿನಲ್ಲಿ ನೆಲೆಸಿ, ಅಲ್ಲಿನ ಗುಡ್ಡವೊಂದರ ಮೇಲೆ ಬಾಲವನವನ್ನು ಸ್ಥಾಪಿಸಿದರು. ಮಕ್ಕಳು ನಾಲ್ಕು ಗೋಡೆಗಳ ನಡುವೆ ಕುಳಿತು ಬಾಯಿಪಾಠ ಮಾಡುವುದಕ್ಕಿಂತ ಆಟ, ನಾಟಕ, ಚಿತ್ರಕಲೆ ಹಾಗೂ ಪ್ರಕೃತಿಯ ಒಡನಾಟದಿಂದ ಕಲಿಯಬೇಕೆಂಬುದು ಅವರ ಆಶಯವಾಗಿತ್ತು. 1936ರಲ್ಲಿ ಅವರು ಶ್ರೀಮತಿ ಲೀಲಾ ಅವರನ್ನು ವಿವಾಹವಾದರು. ಅದೇ ವರ್ಷ ಮಕ್ಕಳ ವಿಶ್ವಕೋಶವಾದ ಬಾಲ ಪ್ರಪಂಚದ ಮೂರು ಸಂಪುಟಗಳು ಹೊರಬಂದವು. ಕನ್ನಡದಲ್ಲಿ ಇಂತಹ ಗ್ರಂಥಗಳಿಗೆ ಮಾದರಿಯೇ ಇಲ್ಲದಿದ್ದ ಕಾಲದಲ್ಲಿ ಅವರು ಒಬ್ಬರೇ ಈ ಕಾರ್ಯವನ್ನು ನಿರ್ವಹಿಸಿದರು.

ಮುಂದೆ ದೊಡ್ಡವರಿಗಾಗಿ ವಿಜ್ಞಾನ ಪ್ರಪಂಚದ ನಾಲ್ಕು ಸಂಪುಟಗಳನ್ನು ರಚಿಸಿದರು. ಹಕ್ಕಿಗಳು, ಪ್ರಾಣಿಗಳು ಹಾಗೂ ಸಾಗರಗಳನ್ನು ಕುರಿತು ಪ್ರತ್ಯೇಕ ಪುಸ್ತಕಗಳನ್ನು ಬರೆದರು. ಅಮೆರಿಕದ ಪ್ರಸಿದ್ಧ ಲೇಖಕಿ ರೇಚಲ್ ಕಾರ್ಸನ್ ಅವರು ಸಮುದ್ರವನ್ನು ಕುರಿತು ಬರೆದ ಗ್ರಂಥವನ್ನು ಕನ್ನಡಕ್ಕೆ ತಂದವರೂ ಕಾರಂತರೇ. ಹೀಗೆ ಕಣ್ಣಿಗೆ ಕಂಡ ಪ್ರಕೃತಿಯನ್ನು ಶಾಸ್ತ್ರೀಯವಾಗಿ ಅರಿಯುವ ಶಿಸ್ತನ್ನು ಅವರು ಸ್ವಪ್ರಯತ್ನದಿಂದ ಗಳಿಸಿದರು.

ಕಾದಂಬರಿಗಳಲ್ಲಿ ಮಣ್ಣು, ಕಡಲು ಮತ್ತು ಕಾಡು

ಕಾರಂತರು ನಲವತ್ತಕ್ಕೂ ಹೆಚ್ಚು ಕಾದಂಬರಿಗಳನ್ನು ಬರೆದಿದ್ದಾರೆ. ಅವುಗಳಲ್ಲಿ ನಾಲ್ಕು ಕೃತಿಗಳು ಪ್ರಸ್ತುತ ವಿಷಯದ ದೃಷ್ಟಿಯಿಂದ ಮುಖ್ಯವಾದವು.

1933ರಲ್ಲಿ ಪ್ರಕಟವಾದ ಚೋಮನ ದುಡಿಯಲ್ಲಿ, ಬೇಸಾಯ ಮಾಡುವ ಆಸೆಯಿದ್ದರೂ ಜಾತಿಯ ಕಾರಣದಿಂದ ಭೂಮಿಯ ಹಕ್ಕನ್ನು ಕಾಣದ ದಲಿತ ಕೂಲಿಯಾಳಿನ ದುರಂತವಿದೆ. 1941ರ ಮರಳಿ ಮಣ್ಣಿಗೆ ಕಾದಂಬರಿಯು ಕರಾವಳಿಯ ಕುಟುಂಬವೊಂದರ ಮೂರು ತಲೆಮಾರುಗಳ ಕಥೆ. ಮಳೆ, ನದಿ, ಸಮುದ್ರಗಳೊಂದಿಗೆ ಹೆಣಗುತ್ತಾ ಮನೆಯನ್ನು ನಡೆಸಿದ ಹೆಣ್ಣುಮಕ್ಕಳ ದುಡಿಮೆಯನ್ನು ಅದು ವಿವರವಾಗಿ ಚಿತ್ರಿಸುತ್ತದೆ. 1951ರ ಕುಡಿಯರ ಕೂಸು ಕಾದಂಬರಿಯು ಘಟ್ಟದ ಕಾಡನ್ನೇ ಮನೆಯಾಗಿಸಿಕೊಂಡ ಮಲೆಕುಡಿಯ ಸಮುದಾಯದ ಜೀವನವನ್ನು ಕುರಿತದ್ದು.

1943ರ ಬೆಟ್ಟದ ಜೀವ ಕಾದಂಬರಿಯನ್ನು ಇಲ್ಲಿ ವಿಶೇಷವಾಗಿ ಗಮನಿಸಬೇಕು. ಸುಬ್ರಹ್ಮಣ್ಯದ ಸಮೀಪದ ಕಾಡಿನಲ್ಲಿ ವಾಸಿಸುವ ಗೋಪಾಲಯ್ಯ ಮತ್ತು ಶಂಕರಮ್ಮ ಎಂಬ ವೃದ್ಧ ದಂಪತಿಗಳು ಅದರ ಕೇಂದ್ರ. ಗೋಪಾಲಯ್ಯನವರು ಕಾಡನ್ನು ಕಡಿದು ಅಡಿಕೆ ತೋಟ ಮಾಡಿದವರು. ಆನೆ, ಹುಲಿಗಳ ಹಾವಳಿಯ ನಡುವೆ ಎದೆಗುಂದದೆ ಬದುಕಿದವರು. ಕಾಡನ್ನು ಪಳಗಿಸುವ ಮನುಷ್ಯನ ಛಲವನ್ನು ಲೇಖಕರು ಇಲ್ಲಿ ಮೆಚ್ಚುಗೆಯಿಂದಲೇ ಚಿತ್ರಿಸಿದ್ದಾರೆ. ಅಂದರೆ ನಲವತ್ತರ ವಯಸ್ಸಿನ ಕಾರಂತರ ದೃಷ್ಟಿಯಲ್ಲಿ ಕಾಡು ಅಪಾರವಾಗಿತ್ತು. ಅದರ ಮುಂದೆ ಮನುಷ್ಯನು ಚಿಕ್ಕವನಾಗಿದ್ದನು. ಮುಂದಿನ ನಾಲ್ಕು ದಶಕಗಳಲ್ಲಿ ಈ ಲೆಕ್ಕವು ತಲೆಕೆಳಗಾಯಿತು. ಒಂದು ಕುಟುಂಬವು ಕೊಡಲಿ ಹಿಡಿದು ಎರಡೆಕರೆ ತೋಟ ಮಾಡುವುದಕ್ಕೂ, ಯಂತ್ರಗಳು ಇಡೀ ಕಣಿವೆಯನ್ನು ಬರಿದು ಮಾಡುವುದಕ್ಕೂ ಇರುವ ಅಂತರವನ್ನು ಅವರು ಕಣ್ಣಾರೆ ಕಂಡರು. ಅವರ ನಿಲುವು ಬೆಳೆದದ್ದು ಈ ಅನುಭವದಿಂದ. ಇದೇ ಕಾದಂಬರಿಯನ್ನು ಆಧರಿಸಿ ಶ್ರೀ ಪಿ. ಶೇಷಾದ್ರಿ ಅವರು ನಿರ್ದೇಶಿಸಿದ ಚಲನಚಿತ್ರಕ್ಕೆ 2010ನೇ ಸಾಲಿನ ಪರಿಸರ ಸಂರಕ್ಷಣೆ ವಿಭಾಗದ ರಾಷ್ಟ್ರೀಯ ಪ್ರಶಸ್ತಿ ದೊರೆತಿರುವುದು ಉಲ್ಲೇಖನೀಯ.

ಗೌರವಗಳು ಮತ್ತು ಸ್ವತಂತ್ರ ಮನೋಧರ್ಮ

1955ರಲ್ಲಿ ಮೈಸೂರಿನಲ್ಲಿ ನಡೆದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಕಾರಂತರು ಅಧ್ಯಕ್ಷರಾಗಿದ್ದರು. ಯಕ್ಷಗಾನ ಬಯಲಾಟ ಕೃತಿಗೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿಯೂ, ಮೂಕಜ್ಜಿಯ ಕನಸುಗಳು ಕಾದಂಬರಿಗೆ 1977ನೇ ಸಾಲಿನ ಜ್ಞಾನಪೀಠ ಪ್ರಶಸ್ತಿಯೂ ಸಂದವು. 1968ರಲ್ಲಿ ದೊರೆತಿದ್ದ ಪದ್ಮಭೂಷಣವನ್ನು ತುರ್ತುಪರಿಸ್ಥಿತಿಯನ್ನು ವಿರೋಧಿಸಿ ಹಿಂದಿರುಗಿಸಿದರು. ತಮಗೆ ಸರಿಯೆಂದು ತೋರಿದ್ದಕ್ಕಾಗಿ ಪದವಿ, ಪುರಸ್ಕಾರಗಳನ್ನು ಬಿಟ್ಟುಕೊಡಲು ಅವರು ಹಿಂಜರಿಯುತ್ತಿರಲಿಲ್ಲ.

ನೀಲಗಿರಿ ನೆಡುತೋಪು ಮತ್ತು ಸರ್ವೋಚ್ಚ ನ್ಯಾಯಾಲಯ

1980ರ ದಶಕದಲ್ಲಿ ಕರ್ನಾಟಕದ ಘಟ್ಟ ಪ್ರದೇಶದಲ್ಲಿ ಜನರ ಪರಿಸರ ಚಳವಳಿಗಳು ಆರಂಭಗೊಂಡವು. 1983ರ ಸೆಪ್ಟೆಂಬರ್‌ನಲ್ಲಿ ಶಿರಸಿ ತಾಲ್ಲೂಕಿನ ಸಲ್ಕಣಿಯ ಗ್ರಾಮಸ್ಥರು ಮರಗಳನ್ನು ಅಪ್ಪಿಕೊಂಡು ಕಡಿತವನ್ನು ತಡೆದರು. ಇದೇ ಅಪ್ಪಿಕೋ ಚಳವಳಿ.

1984ರಲ್ಲಿ ಸರ್ಕಾರಿ ನಿಗಮ ಹಾಗೂ ಖಾಸಗಿ ಉದ್ಯಮದ ಸಹಭಾಗಿತ್ವದಲ್ಲಿ ಕರ್ನಾಟಕ ಪಲ್ಪ್‌ವುಡ್ ಲಿಮಿಟೆಡ್ ಎಂಬ ಕಂಪನಿ ಸ್ಥಾಪನೆಯಾಯಿತು. ಕೃತಕ ರೇಷ್ಮೆ ನೂಲಿನ ಕಚ್ಚಾವಸ್ತುವಿಗಾಗಿ ನಾಲ್ಕು ಜಿಲ್ಲೆಗಳ ಸುಮಾರು 30,000 ಹೆಕ್ಟೇರ್ ಸಾರ್ವಜನಿಕ ಭೂಮಿಯಲ್ಲಿ ನೀಲಗಿರಿ ಮುಂತಾದ ಮರಗಳನ್ನು ಬೆಳೆಸುವುದು ಅದರ ಉದ್ದೇಶ. ದಾಖಲೆಗಳಲ್ಲಿ ಈ ಭೂಮಿಯು ಪಾಳು ಎಂದು ನಮೂದಾಗಿದ್ದರೂ, ಸುತ್ತಲಿನ ಹಳ್ಳಿಗಳ ದನಕರುಗಳ ಮೇವು, ಒಲೆಗೆ ಸೌದೆ, ಬೇಸಾಯಕ್ಕೆ ಸೊಪ್ಪು ಬರುತ್ತಿದ್ದುದು ಅದರಿಂದಲೇ. ಯೋಜನೆಯ ಆಯವ್ಯಯದಲ್ಲಿ ಈ ನಷ್ಟವನ್ನು ಯಾವ ಬಾಬಿನಲ್ಲಿಯೂ ತೋರಿಸಿರಲಿಲ್ಲ.

ಸಮಾಜ ಪರಿವರ್ತನ ಸಮುದಾಯವು 1986ರ ಕೊನೆಯಲ್ಲಿ ಸರ್ವೋಚ್ಚ ನ್ಯಾಯಾಲಯದಲ್ಲಿ ಸಾರ್ವಜನಿಕ ಹಿತಾಸಕ್ತಿ ಅರ್ಜಿಯನ್ನು ಸಲ್ಲಿಸಿದಾಗ, ಅದರ ಪ್ರಮುಖ ಅರ್ಜಿದಾರರಾಗಿ ಸಹಿ ಹಾಕಿದವರು 84 ವರ್ಷದ ಕಾರಂತರು. 1987ರ ಮಾರ್ಚ್‌ನಲ್ಲಿ ನ್ಯಾಯಾಲಯವು ಮತ್ತಷ್ಟು ಭೂಮಿಯ ಹಸ್ತಾಂತರಕ್ಕೆ ತಡೆಯಾಜ್ಞೆ ನೀಡಿತು. ಅದೇ ವರ್ಷ ನವೆಂಬರ್ 14ರಂದು ಅಂದಿನ ಧಾರವಾಡ ಜಿಲ್ಲೆಯ ಕುಸನೂರಿನಲ್ಲಿ ಗ್ರಾಮಸ್ಥರು ನೀಲಗಿರಿ ಸಸಿಗಳನ್ನು ಕಿತ್ತು, ಊರಿಗೆ ಉಪಯುಕ್ತವಾದ ಸಸಿಗಳನ್ನು ನೆಟ್ಟರು. ಇದು ಕಿತ್ತಿಕೋ ಹಚ್ಚಿಕೋ ಸತ್ಯಾಗ್ರಹವೆಂದು ಹೆಸರಾಯಿತು. 1991ರಲ್ಲಿ ಕಂಪನಿಯನ್ನು ಮುಚ್ಚಲಾಯಿತು. ರಾಜ್ಯ ಸರ್ಕಾರವು 2017ರಲ್ಲಿ ನೀಲಗಿರಿ ನೆಡುವುದನ್ನು ನಿಷೇಧಿಸಿ ಆದೇಶ ಹೊರಡಿಸಿತು.

ಕೈಗಾ ಮತ್ತು 1989ರ ಚುನಾವಣೆ

ಕಾರವಾರ ತಾಲ್ಲೂಕಿನ ಕೈಗಾದಲ್ಲಿ, ಕಾಳಿ ನದಿಯ ದಂಡೆಯ ದಟ್ಟ ಅರಣ್ಯದ ನಡುವೆ ಅಣು ವಿದ್ಯುತ್ ಸ್ಥಾವರವನ್ನು ನಿರ್ಮಿಸುವ ಯೋಜನೆಯನ್ನು ಕಾರಂತರು ತೀವ್ರವಾಗಿ ವಿರೋಧಿಸಿದರು. ವಿಷಯವನ್ನು ಸ್ವತಃ ಅಭ್ಯಸಿಸಿ, ಸಭೆಗಳಲ್ಲಿ ಮಾತನಾಡಿದರು. ಪಾದಯಾತ್ರೆ ಮತ್ತು ಪ್ರತಿಭಟನೆಗಳಿಗೆ ಬೆಂಬಲವಾಗಿ ನಿಂತರು. ಈ ಪ್ರಶ್ನೆಯನ್ನು ಜನರ ಮುಂದಿಡುವ ಸಲುವಾಗಿ 1989ರಲ್ಲಿ, ತಮ್ಮ 87ನೇ ವಯಸ್ಸಿನಲ್ಲಿ, ಉತ್ತರ ಕನ್ನಡದ ಕೆನರಾ ಲೋಕಸಭಾ ಕ್ಷೇತ್ರದಿಂದ ಸ್ಪರ್ಧಿಸಿ ಪರಾಭವಗೊಂಡರು.

ಸ್ಥಾವರದ ನಿರ್ಮಾಣವು ಮುಂದುವರಿಯಿತು. 1994ರ ಮೇ ತಿಂಗಳಿನಲ್ಲಿ ನಿರ್ಮಾಣ ಹಂತದ ಗುಮ್ಮಟದ ಒಳಭಾಗವು ಕುಸಿದು, ವಿನ್ಯಾಸವನ್ನು ಪರಿಷ್ಕರಿಸಬೇಕಾಯಿತು. 2000ನೇ ಇಸವಿಯಲ್ಲಿ ಮೊದಲ ಎರಡು ಘಟಕಗಳು ವಾಣಿಜ್ಯ ಉತ್ಪಾದನೆಯನ್ನು ಆರಂಭಿಸಿದವು. ಮೊದಲನೆಯ ಘಟಕವು 2018ರ ಡಿಸೆಂಬರ್ 31ರವರೆಗೆ 962 ದಿನಗಳ ಕಾಲ ನಿರಂತರವಾಗಿ ಕಾರ್ಯನಿರ್ವಹಿಸಿ ದಾಖಲೆ ನಿರ್ಮಿಸಿತು. ಕಾರಂತರ ಈ ಹೋರಾಟವು ತನ್ನ ನೇರ ಉದ್ದೇಶದಲ್ಲಿ ಸಫಲವಾಗಲಿಲ್ಲ ಎಂಬುದು ವಾಸ್ತವ. ಆದರೂ ಬೃಹತ್ ಯೋಜನೆಗಳ ಬಗ್ಗೆ ಸಾಮಾನ್ಯ ನಾಗರಿಕನು ಮಾಹಿತಿ ಕೇಳಬಹುದು, ಪ್ರಶ್ನಿಸಬಹುದು ಎಂಬ ತಿಳಿವಳಿಕೆಯು ನಾಡಿನಲ್ಲಿ ಹರಡಲು ಅದು ನೆರವಾಯಿತು. ಸೋಲುವ ಸಂಭವವೇ ಹೆಚ್ಚೆಂದು ತಿಳಿದಿದ್ದರೂ ಇಳಿವಯಸ್ಸಿನಲ್ಲಿ ಊರೂರು ಅಲೆದ ಅವರ ಶ್ರಮವನ್ನು ಫಲಿತಾಂಶದಿಂದ ಮಾತ್ರ ಅಳೆಯಲಾಗದು.

ನಿಧನ ಮತ್ತು ಸ್ಮರಣೆ

ಕಾರಂತರು 1997ರ ಡಿಸೆಂಬರ್ 9ರಂದು, 95ನೇ ವಯಸ್ಸಿನಲ್ಲಿ ಮಣಿಪಾಲದಲ್ಲಿ ನಿಧನರಾದರು. ಮಂಗಳೂರಿನ ಪಿಲಿಕುಳ ನಿಸರ್ಗಧಾಮಕ್ಕೆ ಅವರ ಹೆಸರನ್ನು ಇಡಲಾಗಿದೆ. ಪುತ್ತೂರಿನ ಬಾಲವನವನ್ನು ಅವರ ಸ್ಮಾರಕವಾಗಿ ಉಳಿಸಿಕೊಳ್ಳಲಾಗಿದೆ. ಅವರ ಪುತ್ರ ಡಾ. ಕೆ. ಉಲ್ಲಾಸ ಕಾರಂತರು ನಾಗರಹೊಳೆಯ ಹುಲಿಗಳ ಅಧ್ಯಯನದಿಂದ ಅಂತರರಾಷ್ಟ್ರೀಯ ಖ್ಯಾತಿಯ ವನ್ಯಜೀವಿ ವಿಜ್ಞಾನಿಯಾದರು.

ನಮ್ಮ ಭಾಗದ ನಾಗರಿಕರಿಗೆ

ಕಾರಂತರ ಜೀವನದಿಂದ ತಿಳಿಯಬೇಕಾದುದು ಏನೆಂದರೆ, ಪರಿಸರ ಪ್ರಜ್ಞೆಯು ಸುತ್ತೋಲೆಯಿಂದಾಗಲಿ, ವರ್ಷಕ್ಕೊಮ್ಮೆ ಆಚರಿಸುವ ದಿನದಿಂದಾಗಲಿ ಬರುವಂಥದ್ದಲ್ಲ. ತನ್ನ ಊರನ್ನು ಗಮನವಿಟ್ಟು ನೋಡುವುದರಿಂದ ಅದು ಆರಂಭವಾಗುತ್ತದೆ. ಪಶ್ಚಿಮ ಬೆಂಗಳೂರಿನ ನಿವಾಸಿಗಳಿಗೆ ಕಡಲು ಅಥವಾ ಕುಮಾರಪರ್ವತ ಸಮೀಪದಲ್ಲಿಲ್ಲ. ಆದರೆ ವೃಷಭಾವತಿ ಇದೆ. ಈ ಬಡಾವಣೆಗಳ ನೀರೆಲ್ಲವೂ ಹರಿದು ಸೇರುವ ಈ ನದಿಯು ಮೈಸೂರು ರಸ್ತೆಯ ಪಕ್ಕದಲ್ಲಿ ಸಾಗಿ, ಕೆಂಗೇರಿ, ಬಿಡದಿಗಳನ್ನು ದಾಟಿ ಅರ್ಕಾವತಿಯನ್ನು, ಆ ಮೂಲಕ ಕಾವೇರಿಯನ್ನು ಸೇರುತ್ತದೆ. ಒಂದು ಕಾಲದಲ್ಲಿ ತಿಳಿನೀರಿನ ಹೊಳೆಯಾಗಿದ್ದ ಅದು ಇಂದು ಒಳಚರಂಡಿ ಹಾಗೂ ಕೈಗಾರಿಕೆಗಳ ತ್ಯಾಜ್ಯವನ್ನು ಹೊತ್ತು ಹರಿಯುತ್ತಿದೆ. ದಿನನಿತ್ಯ ಅದರ ಸೇತುವೆಗಳ ಮೇಲೆ ಸಂಚರಿಸುವವರಲ್ಲಿ ಹಲವರು ಅದನ್ನು ಮೋರಿಯೆಂದೇ ಭಾವಿಸಿದ್ದಾರೆ.

ತಮ್ಮ ಮನೆಯ ನೀರು ಎಲ್ಲಿಂದ ಬರುತ್ತದೆ, ಬಳಸಿದ ನಂತರ ಎಲ್ಲಿಗೆ ಹೋಗುತ್ತದೆ, ಬೀದಿಯಲ್ಲಿರುವ ಮರ ಹೊಂಗೆಯೋ ಆಕಾಶಮಲ್ಲಿಗೆಯೋ ಎಂಬುದನ್ನು ಮಕ್ಕಳೊಂದಿಗೆ ಕುಳಿತು ತಿಳಿದುಕೊಳ್ಳಲು ಯಾವ ಅನುದಾನವೂ ಬೇಕಿಲ್ಲ. ಹೊಳೆಯನ್ನು ಹೊಳೆಯೆಂದು ಗುರುತಿಸಿದ ಕುಟುಂಬವು ಅದಕ್ಕೆ ಕಸ ಎಸೆಯಲು ಹಿಂಜರಿಯುತ್ತದೆ. ಇತರರು ಎಸೆದಾಗ ಕೇಳುತ್ತದೆ. ಬಾಲವನದ ಗುಡ್ಡದ ಮೇಲೆ ಕಾರಂತರು ಮಕ್ಕಳಿಗೆ ಕಲಿಸಲು ಬಯಸಿದ ಮೊದಲ ಪಾಠವೂ ಇದೇ ಬಗೆಯದಾಗಿತ್ತು.